ಮಟನ್ ಇಲ್ಲದ ದಾಲ್ಚಾ: ಟೀಚರ್ ಊಟಕ್ಕೆ ಬರುತ್ತಿದ್ದಾರೆ, ಆ ರುಚಿ ತರೋದು ಹೇಗೆ?

ಕಿಲ್ಲಾ ಓಣಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮಾತಾಡೋದು ದಖನಿ ಉರ್ದು. ನಾನು ಓದಿದ್ದು ಮಾತ್ರ ಪೂರ್ತಿ ಕನ್ನಡ ಮೀಡಿಯಂ. ಇವತ್ತು ಇಷ್ಟು ಸಲೀಸಾಗಿ ಕನ್ನಡ ಬರೆಯುತ್ತಿದ್ದೇನೆ ಅಂದರೆ ಅದಕ್ಕೆ ಒಬ್ಬ ಟೀಚರ್ ಕಾರಣ. ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಅದರ ಬಗ್ಗೆಯೇ ನನ್ನ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

1995ರಲ್ಲಿ ನಾನು ನಾಲ್ಕನೇ ಕ್ಲಾಸು. ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ, ನಮ್ಮ ಭಾಗದಲ್ಲಿ ಅದು ಶುರುವಾಗಿದ್ದು 2002ರಲ್ಲಿ. ಎಲ್ಲರೂ ಮನೆಯಿಂದ ಡಬ್ಬಿ ತರುತ್ತಿದ್ದೆವು. ಟೀಚರ್ ನಮ್ಮ ಜೊತೆಗೇ ವರಾಂಡದಲ್ಲಿ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು. ಮನೆಯಲ್ಲಿ ದಾಲ್ಚಾ ಮಾಡಿದ ಮರುದಿನ ಅಮ್ಮಿ ಅದನ್ನೇ ಡಬ್ಬಿಗೆ ಹಾಕಿ ಕಳಿಸುತ್ತಿದ್ದರು. ನಾನು ಮುಚ್ಚಳ ತೆಗೆದ ಕೂಡಲೇ ಟೀಚರ್ ತಲೆ ಎತ್ತುತ್ತಿದ್ದರು. "ಏನವಾ ಅದು, ಇಷ್ಟು ಘಮ್ ಅಂತದ?" ನಾನು ಡಬ್ಬಿ ಮುಂದೆ ಚಾಚುತ್ತಿದ್ದೆ. "ಅದರಾಗ ಮಟನ್ ಅದ ಅಲ್ಲವಾ, ನಾ ತಿನ್ನಂಗಿಲ್ಲ. ನೀ ಹೊಟ್ಟಿ ತುಂಬ ಉಣ್ಣು" ಅನ್ನುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಒಂದು ದಿನವೂ ಎದ್ದು ಬೇರೆ ಕಡೆ ಹೋಗಿ ಕೂರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಈಗ, ನನ್ನ ಮಗಳಿಗೆ ಡಬ್ಬಿ ಕಟ್ಟುವಾಗ ಅರ್ಥ ಆಗುತ್ತಿದೆ.

ಟೀಚರ್ ಈಗ ರಿಟೈರ್ ಆಗಿ ಗದಗದಲ್ಲಿದ್ದಾರೆ. ಹೋದ ವಾರ ಫೋನ್ ಮಾಡಿ ಊಟಕ್ಕೆ ಬನ್ನಿ ಅಂತ ಕರೆದೆ. ಏನು ಮಾಡಲಿ ಅಂತ ಕೇಳಿದಾಗ ಅವರು ಹೇಳಿದ್ದು: "ಆ ದಾಲ್ಚಾ ಮಟನ್ ಇಲ್ಲದಂಗ ಆಗ್ತದೇನು? ಆಗೋದಾದ್ರ ಅದನ್ನ ಮಾಡು. 30 ವರ್ಷದಿಂದ ಬರೀ ವಾಸನಿ ನೆನಪಿಟ್ಟೀನಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಾಲ್ಚಾ ಅಂದರೆ ಕಡಲೆಬೇಳೆ, ಸೋರೆಕಾಯಿ, ಹುಣಸೆಹುಳಿ, ಜೊತೆಗೆ ಎಲುಬಿನ ಮಟನ್. ಬಗಾರಾ ಅನ್ನದ ಜೊತೆ ತಿನ್ನೋದು. ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದ ಕಾಲದಿಂದ ನಮ್ಮ ಶಾದಿಗಳಲ್ಲಿ ಇದು ಇದ್ದೇ ಇರುತ್ತೆ. ಮಟನ್ ಹಾಕದೆ ಬರೀ ಸೋರೆಕಾಯಿ ಹಾಕಿ ಮಾಡೋದೂ ಉಂಟು, ನನಗೆ ಗೊತ್ತಿದೆ. ಆದರೆ ಅಮ್ಮಿ ಯಾವತ್ತೂ ಹಾಗೆ ಮಾಡಲಿಲ್ಲ. ಕೇಳೋಣ ಅಂದರೆ ಅಮ್ಮಿ ಈಗ ಇಲ್ಲ.

ಬುಧವಾರ ಒಂದು ಸಲ ಮಾಡಿ ನೋಡಿದೆ. ಎಲ್ಲ ಅಮ್ಮಿ ಹಾಕುತ್ತಿದ್ದ ಹಾಗೇ ಹಾಕಿದೆ, ಮಟನ್ ಒಂದು ಬಿಟ್ಟು. ಮನೆಯವರು ಎರಡು ತುತ್ತು ತಿಂದು, "ಚೆನ್ನಾಗಿದೆ, ಆದರೆ ಇದು ಸಾಂಬಾರ್ ಅಲ್ವಾ?" ಅಂದರು. ಅವರು ಹೇಳಿದ್ದು ಸರಿ. ತೆಳ್ಳಗಿತ್ತು, ಹುಳಿ ಒಂದು ಕಡೆ, ಬೇಳೆ ಒಂದು ಕಡೆ. ಎಲುಬಿನ ರಸದಿಂದ ಬರುವ ಆ ಜಿಡ್ಡು, ಆ ಗಟ್ಟಿತನ ಇರಲಿಲ್ಲ.

ನನ್ನ ಪ್ರಶ್ನೆ ಎರಡು. ಆ ಗಟ್ಟಿತನ ಯಾವುದರಿಂದ ತರಬೇಕು? ಮತ್ತೆ, ನಮ್ಮದು ಮಾಂಸ ಬೇಯಿಸುವ ಅಡುಗೆಮನೆ. ಟೀಚರ್ ಲಿಂಗಾಯತರು, ಮೊಟ್ಟೆ ಸಹ ತಿನ್ನಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ತಿನ್ನುತ್ತಾರೆ. ಅವರ ಮನಸ್ಸಿಗೆ ಒಂದು ಚೂರೂ ಅಳುಕು ಇರಬಾರದು. ಯಾವುದನ್ನೆಲ್ಲ ನೋಡಿಕೊಳ್ಳಬೇಕು ಹೇಳಿ.

ಕೊಪ್ಪಳದ ಸೊಸೆ

ಅಕ್ಕ, ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮದು ಲಿಂಗಾಯತರ ಮನೆ, ನಮ್ಮತ್ತೆ ಬಹಳ ಕಟ್ಟುನಿಟ್ಟು.

ಪಾತ್ರೆ ಹೊಸದು ತಗೊಳ್ಳಿ. ದೊಡ್ಡ ಖರ್ಚಲ್ಲ, ಒಂದು ಸ್ಟೀಲ್ ತಪೇಲಿ, ಒಂದು ಸೌಟು ಸಾಕು. ಕುಕ್ಕರ್ ಮಟನ್‌ಗೆ ಬಳಸಿದ್ದಾದರೆ ಅದರ ರಬ್ಬರ್‌ನಲ್ಲಿ ವಾಸನೆ ಕೂತಿರುತ್ತೆ, ಎಷ್ಟು ತೊಳೆದರೂ ಹೋಗಲ್ಲ. ಬೇಳೆಯನ್ನು ತಪೇಲಿಯಲ್ಲೇ ಬೇಯಿಸಿ. ಹೆಚ್ಚುವ ಮಣೆ, ಚಾಕು ಬೇರೆ ಇರಲಿ. ಕಟ್ಟಿಗೆ ಮಣೆ ಆದರೆ ಅದರ ಗೆರೆಗಳಲ್ಲಿ ಉಳಿದಿರುತ್ತೆ. ಕಬಾಬ್ ಕರಿದು ಎತ್ತಿಟ್ಟ ಎಣ್ಣೆ ಅಂತೂ ಬೇಡವೇ ಬೇಡ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಅವತ್ತೇ ಹೊಸದಾಗಿ ಅರೆಯಿರಿ, ಯಾಕಂದ್ರೆ ಹಳೇ ಡಬ್ಬಿಗೆ ಮಟನ್ ಕಲಸಿದ ಕೈಯ ಚಮಚ ಹೋಗಿರುತ್ತೆ. ಅರಿಶಿನ, ಖಾರದಪುಡಿ, ಉಪ್ಪಿನ ಡಬ್ಬಿಗೂ ಇದೇ ಮಾತು. ಆ ದಿನಕ್ಕೆ ಸಣ್ಣ ಸಣ್ಣ ಪಾಕೀಟು ಒಡೆದರೆ ಮುಗೀತು.

ಸಿಹಿ ಏನು ಮಾಡುತ್ತೀರಿ ಅಂತ ಬರೆದಿಲ್ಲ. ಅಂಗಡಿ ಜೆಲ್ಲಿ ಹಾಕಿದ ಕಸ್ಟರ್ಡ್ ಬೇಡ, ಜೆಲ್ಲಿಗೆ ಹಾಕುವ ಜೆಲಾಟಿನ್ ಪ್ರಾಣಿ ಎಲುಬು, ಚರ್ಮದಿಂದ ತೆಗೆದದ್ದು. ಕೇಕ್‌ನಲ್ಲಿ ಮೊಟ್ಟೆ ಇರುತ್ತೆ. ಶ್ಯಾವಿಗೆ ಪಾಯಸ ಮಾಡಿ, ಎಲ್ಲರಿಗೂ ಆಗುತ್ತೆ.

ಇನ್ನೊಂದು. ಕೆಲವರು ಇಷ್ಟಲಿಂಗ ಪೂಜೆ ಮಾಡದೆ ಊಟಕ್ಕೆ ಕೂರಲ್ಲ. ಟೀಚರ್ ಬೆಳಗ್ಗೆಯೇ ಮುಗಿಸಿ ಬರುತ್ತಾರೋ, ನಿಮ್ಮ ಮನೆಯಲ್ಲಿ ಮಾಡುತ್ತಾರೋ ಫೋನ್‌ನಲ್ಲೇ ಕೇಳಿಬಿಡಿ. ಇಲ್ಲೇ ಮಾಡುತ್ತೇನೆ ಅಂದರೆ ಒಂದು ರೂಮು, ಒಂದು ಮಣೆ, ಒಂದು ತಂಬಿಗೆ ನೀರು ಇಟ್ಟುಕೊಡಿ. ಅಷ್ಟು ಕೇಳಿದ್ದಕ್ಕೇ ಅವರಿಗೆ ಅರ್ಧ ಊಟ ಆದ ಹಾಗೆ.

ಹೊಸಪೇಟೆ ರೋಡ್, ಬಳ್ಳಾರಿ

ಸುಲಭ ಅಕ್ಕ. ಮೀಲ್ ಮೇಕರ್ ಹಾಕಿ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮಸಾಲೆಯಲ್ಲಿ ಹುರಿದರೆ ಥೇಟ್ ಮಟನ್ ಥರ ಇರುತ್ತೆ. ಕೊನೆಗೆ ಒಂದು ಕೆಂಡದ ಮೇಲೆ ತುಪ್ಪ ಬಿಟ್ಟು ಹೊಗೆ ಕೊಡಿ. ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಬೆರಳು ಚೀಪಿದ್ದರು.

ಕೊಪ್ಪಳದ ಸೊಸೆ

ತಮ್ಮಾ, ನಿಮ್ಮ ವಯಸ್ಸಿನವರಿಗೆ ಸರಿ. ಹಿರಿಯರಿಗೆ ಬೇಡ. ಹಿಂದಿನ ವರ್ಷ ಒಂದು ಮದುವೆಯಲ್ಲಿ ನಮ್ಮತ್ತೆಯ ಎಲೆಗೆ ಮೀಲ್ ಮೇಕರ್ ಪಲಾವ್ ಬಡಿಸಿದರು. ಸೋಯಾ ಅಂತ ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಕೈ ತೊಳೆದು ಎದ್ದುಬಿಟ್ಟರು. ಹಲ್ಲಿಗೆ ಸಿಗುವ ಆ ನಾರು ಅವರಿಗೆ ತಡೆಯೋಕಾಗಲಿಲ್ಲ. ಹುಟ್ಟಿದಾಗಿಂದ ಮಾಂಸ ತಿನ್ನದವರಿಗೆ ಮಾಂಸದ ಹಾಗಿರುವುದು ಯಾಕೆ ಬೇಕು ಹೇಳಿ? ಟೀಚರ್ ಕೇಳಿದ್ದು ದಾಲ್ಚಾ, ಮಟನ್ ಅಲ್ಲ.

ಡೇಗ್ ಕೆಲಸ, ಸಿಂಧನೂರು

ಕಿಲ್ಲಾ ಓಣಿ ತಂಗಿ, ನಾನು 22 ವರ್ಷದಿಂದ ಶಾದಿ ಅಡುಗೆ ಮಾಡುವವನು. ಒಂದೊಂದು ಶಾದಿಗೆ ಮಟನ್ ದಾಲ್ಚಾ ಒಂದು ಡೇಗ್ (ದೊಡ್ಡ ಹಂಡೆ), ಸೋರೆಕಾಯಿ ದಾಲ್ಚಾ ಒಂದು ಡೇಗ್ ಇಳಿಸುತ್ತೇವೆ. ಮನೆಯವರ ಗೆಳೆಯರು, ವ್ಯಾಪಾರದವರು, ನೆರೆಯವರು ಅಂತ ಮಾಂಸ ತಿನ್ನದವರು ನೂರು ಜನ ಬಂದೇ ಬರುತ್ತಾರೆ. ಹೈದರಾಬಾದಿನಲ್ಲಿ ಇದಕ್ಕೆ "ಕದ್ದೂ ಕಾ ದಾಲ್ಚಾ" ಅಂತ ಬೇರೆ ಹೆಸರೇ ಇದೆ. ಅಲ್ಲಿ ಕದ್ದೂ ಅಂದರೆ ಸೋರೆಕಾಯಿ. ಅಂದರೆ ಇದು ಮಟನ್ ಕಳೆದು ಉಳಿದದ್ದಲ್ಲ ತಂಗಿ, ಇದೇ ಒಂದು ಅಡುಗೆ. ಮಾಡುವ ರೀತಿಯೂ ಬೇರೆ. ನೀವು ಮಟನ್ ದಾಲ್ಚಾದ ರೀತಿಯಲ್ಲಿ ಮಾಡಿ ಮಟನ್ ಬಿಟ್ಟಿದ್ದೀರಿ, ಅದಕ್ಕೇ ಸಾಂಬಾರ್ ಆಗಿದೆ.

ಮಟನ್ ಇದ್ದಾಗ ಎಲುಬಿನ ಅಂಟು ರಸವೇ ಸಾರನ್ನು ಗಟ್ಟಿ ಮಾಡುತ್ತೆ. ಕೊಬ್ಬು ಮಸಾಲೆಯ ಘಮವನ್ನು ಹಿಡಿದಿಡುತ್ತೆ. ಅದಿಲ್ಲದಾಗ ಆ ಕೆಲಸವನ್ನು ಉಳ್ಳಾಗಡ್ಡಿ ಮತ್ತು ಎಣ್ಣೆ ಮಾಡಬೇಕು. ಹಾಗಾಗಿ ಉಳ್ಳಾಗಡ್ಡಿ ಜಾಸ್ತಿ. ಆರು ಜನಕ್ಕೆ ಮೂರು ದೊಡ್ಡವು. ತೆಳ್ಳಗೆ, ಒಂದೇ ಸಮ ಉದ್ದಕ್ಕೆ ಹೆಚ್ಚಿ. ಆರು ಚಮಚ ಶೇಂಗಾ ಎಣ್ಣೆಯಲ್ಲಿ ಮಧ್ಯಮ ಉರಿಯಲ್ಲಿ ಹುರಿಯಿರಿ. ಮೊದಲು ಹತ್ತು ನಿಮಿಷ ಏನೂ ಆಗದ ಹಾಗೆ ಕಾಣುತ್ತೆ, ನೀರು ಬಿಡುತ್ತಿರುತ್ತೆ. ಆಮೇಲೆ ಅಂಚು ಹಳದಿ ಆಗುತ್ತೆ. ಅಲ್ಲಿಂದ ಕಣ್ಣು ತೆಗೆಯಬೇಡಿ. ಬೆಲ್ಲದ ಬಣ್ಣಕ್ಕೆ ಬಂದ ಕೂಡಲೇ ಅರ್ಧ ತೆಗೆದು ತಟ್ಟೆಗೆ ಹರಡಿ, ತೆಗೆದ ಮೇಲೂ ಅದರ ಬಿಸಿಗೆ ಇನ್ನಷ್ಟು ಕೆಂಪಾಗುತ್ತೆ. ಕರಿ ಆಯಿತೋ ಕಹಿ. ಆಮೇಲೆ ಏನು ಹಾಕಿದರೂ ಸರಿಹೋಗಲ್ಲ.

ಬೇಳೆ: ಕಡಲೆಬೇಳೆ 200 ಗ್ರಾಂ, ತೊಗರಿಬೇಳೆ 50 ಗ್ರಾಂ. ಕಡಲೆಬೇಳೆ ಒಂದು ಗಂಟೆ ನೆನೆಯಲಿ. ಪೂರ್ತಿ ಬೆಂದ ಮೇಲೆ ಮುಕ್ಕಾಲು ಪಾಲು ಕಡೆಗೋಲಿನಿಂದ ಮಸೆಯಿರಿ, ಕಾಲು ಪಾಲು ಕಾಳು ಕಾಳಾಗಿ ಉಳಿಯಲಿ. ಎಲ್ಲ ನುಣ್ಣಗೆ ಮಾಡಿದರೆ ಮತ್ತೆ ಸಾಂಬಾರೇ.

ಈಗ ಸೋರೆಕಾಯಿ. ಎಳೆಯದು ತಗೊಳ್ಳಿ, ಉಗುರು ಚುಚ್ಚಿದರೆ ಇಳಿಯಬೇಕು. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಪೂರ್ತಿ ಬಿಸಾಕಿ. ಕಹಿ ಸೋರೆಕಾಯಿ ವಿಷ, ವಾಂತಿ ಭೇದಿ ಆಗಿ ಆಸ್ಪತ್ರೆ ಸೇರಿದವರಿದ್ದಾರೆ. ಹೆಬ್ಬೆರಳಷ್ಟು ದಪ್ಪ ಹೋಳು ಮಾಡಿ, ನೇರ ಬೇಳೆಗೆ ಹಾಕಬೇಡಿ. ಉಳ್ಳಾಗಡ್ಡಿ ತೆಗೆದ ಅದೇ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಹಾಗೆ ಹುರಿದ ಹೋಳು ಕುದಿಯುವಾಗ ಒಡೆಯಲ್ಲ, ಮಸಾಲೆ ಕುಡಿಯುತ್ತೆ. ಮಟನ್ ತುಂಡಿನ ಜಾಗ ತುಂಬೋದು ಇದೇ.

ಅದೇ ಪಾತ್ರೆಗೆ ಶುಂಠಿ ಬೆಳ್ಳುಳ್ಳಿ, ಅರಿಶಿನ, ಖಾರದಪುಡಿ, ಧನಿಯಾ, ಒಂದು ಟೊಮೆಟೊ. ಎಣ್ಣೆ ಬಿಡುವವರೆಗೆ ಬಾಡಿಸಿ. ಎತ್ತಿಟ್ಟ ಉಳ್ಳಾಗಡ್ಡಿ ಕೈಯಲ್ಲಿ ಪುಡಿ ಮಾಡಿ ಹಾಕಿ. ಬೇಳೆ ಸುರಿದು ಕುದಿಸಿ. ಹುಣಸೆಹುಳಿ ಕಡೆಗೆ, ಬೇಳೆ ಸೋರೆಕಾಯಿ ಎರಡೂ ಮೆತ್ತಗಾದ ಮೇಲೆ. ಹುಳಿ ಮೊದಲೇ ಬಿದ್ದರೆ ಯಾವುದೂ ಬೇಯಲ್ಲ, ಗಂಟೆಗಟ್ಟಲೆ ಕುದಿಸಿದರೂ ಗಟ್ಟಿ ಗಟ್ಟಿ. ಹುಳಿ ಹಾಕಿದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಜೀರಿಗೆ, ಒಣಮೆಣಸಿನಕಾಯಿ, ಕರಿಬೇವು ಒಗ್ಗರಣೆ. ಮುಚ್ಚಿಟ್ಟು ಅರ್ಧ ಗಂಟೆ ಮುಟ್ಟಬೇಡಿ.

ಹೊಗೆ ಕೊಡಬೇಡಿ. ಆ ಹೊಗೆ ಕಬಾಬಿಗೆ ಚೆಂದ. ಇಲ್ಲಿ ಹುಳಿಯ ಘಮ ಮುಚ್ಚಿಹೋಗುತ್ತೆ.

ಕೌಲ್ ಬಜಾರ್, ಬಳ್ಳಾರಿ

ಅಣ್ಣ ಹೇಳಿದ ಮೇಲೆ ಹೇಳೋಕೆ ಜಾಸ್ತಿ ಉಳಿದಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ನಿಮ್ಮ ಹಾಗೆ ಹೈದರಾಬಾದಿಗಲ್ಲ. ನಮ್ಮ ನಾನಿ ತಮಿಳುನಾಡು ಕಡೆಯವರು. ಅಲ್ಲಿನ ಮುಸ್ಲಿಂ ಮದುವೆಗಳಲ್ಲೂ ದಾಲ್ಚಾ ಇರುತ್ತೆ, ಅದಕ್ಕೆ ಬದನೆಕಾಯಿ, ಮಾವಿನಕಾಯಿ ಹಾಕುತ್ತಾರೆ. ಗಟ್ಟಿತನಕ್ಕೆ ಎರಡು ಎಳೆ ಬದನೆಕಾಯಿ ಹಾಕಿ ನೋಡಿ. ಬೆಂದು ಕರಗಿ ಸಾರಿಗೆ ಒಂದು ಜಾರು ಬರುತ್ತೆ. ಈಗ ಏಪ್ರಿಲ್, ಮಾವಿನಕಾಯಿ ಎಲ್ಲ ಕಡೆ ಸಿಗುತ್ತೆ. ಹುಣಸೆ ಅರ್ಧ ಮಾಡಿ, ಉಳಿದ ಹುಳಿಗೆ ಮಾವಿನಕಾಯಿಯ ನಾಲ್ಕು ಹೋಳು ಸಿಪ್ಪೆ ಸಮೇತ ಹಾಕಿ.

ಕಿಲ್ಲಾ ಓಣಿ, ರಾಯಚೂರು

ಎಲ್ಲರಿಗೂ ಶುಕ್ರಿಯಾ. ಗುರುವಾರ ಇನ್ನೊಂದು ಸಲ ಮಾಡಿದೆ, ಸಿಂಧನೂರು ಅಣ್ಣ ಹೇಳಿದ ಹಾಗೆ. ಉಳ್ಳಾಗಡ್ಡಿ ಮೊದಲ ಸಲ ಕಪ್ಪಾಯಿತು. ಮಗಳು ಕರೆದಳು ಅಂತ ಎರಡು ನಿಮಿಷ ಆಚೆ ಹೋಗಿದ್ದೆ, ಅಷ್ಟೇ. ಎಲ್ಲ ಚೆಲ್ಲಿ ಮತ್ತೆ ಹೆಚ್ಚಿದೆ. ಎರಡನೇ ಸಲ ಒಲೆ ಮುಂದಿನಿಂದ ಕದಲಲಿಲ್ಲ. ಬೆಲ್ಲದ ಬಣ್ಣ ಅಂದಿದ್ದು ಸರಿಯಾದ ಗುರುತು ಅಣ್ಣ, ಹೊಸ ಬೆಲ್ಲದ ಬಣ್ಣ.

ಮನೆಯವರಿಗೆ ಹೇಳದೆ ಬಡಿಸಿದೆ. ತಿಂದು, "ಎಲುಬು ಎಲ್ಲಿ?" ಅಂತ ಸೌಟು ಹಾಕಿ ಹುಡುಕಿದರು. ಅವತ್ತು ನಿದ್ದೆ ಚೆನ್ನಾಗಿ ಬಂತು.

ಬದನೆಕಾಯಿ ಒಂದೇ ಹಾಕಿದೆ, ಸಿಪ್ಪೆ ತೆಗೆದು. ಮಾವಿನಕಾಯಿ ಹಾಕಲಿಲ್ಲ ಕೌಲ್ ಬಜಾರ್ ಅಕ್ಕ. ಅದು ಖಂಡಿತ ರುಚಿ ಇರುತ್ತೆ, ಆದರೆ ಟೀಚರ್ ಮೂಗಿಗೆ ನೆನಪಿರೋದು ಅಮ್ಮಿಯ ಹುಣಸೆ ದಾಲ್ಚಾ. ಆ ಹುಳಿ ಬದಲಿಸೋಕೆ ಮನಸ್ಸು ಬರಲಿಲ್ಲ.

ಕೊಪ್ಪಳದ ಸೊಸೆ

ಭಾನುವಾರ ಏನಾಯಿತು ಅಂತ ತಪ್ಪದೆ ಬರೆಯಿರಿ ಅಕ್ಕ. ನಮ್ಮತ್ತೆಯೂ ಕೇಳುತ್ತಿದ್ದಾರೆ.

ಕಿಲ್ಲಾ ಓಣಿ, ರಾಯಚೂರು

ಬರೆಯೋದು ಎರಡು ದಿನ ತಡ ಆಯಿತು.

ಶನಿವಾರ ಸಂಜೆ ಉಸ್ಮಾನಿಯಾ ಮಾರ್ಕೆಟ್‌ಗೆ ಹೋಗಿ ಸೋರೆಕಾಯಿ, ಪುದೀನ, ಕೊತ್ತಂಬರಿ ತಂದೆ. ಹೊಸ ತಪೇಲಿ ಎರಡು, ಸೌಟು ಎರಡು, ಚಾಕು ಒಂದು. ಫ್ರಿಜ್‌ನಿಂದ ಮಾಂಸ ಪೂರ್ತಿ ತೆಗೆದು ನಾದಿನಿ ಮನೆಗೆ ಕಳಿಸಿ, ಒಳಗೆಲ್ಲ ಸೋಡಾ ನೀರಲ್ಲಿ ಒರೆಸಿದೆ. ಅಕ್ಕಿ ಸೋನಾ ಮಸೂರಿ. ಬಗಾರಾ ಅಂದರೆ ಒಗ್ಗರಣೆ ಅಷ್ಟೇ ಅಲ್ವಾ, ಶಾಹಜೀರಾ, ಲವಂಗ, ಚಕ್ಕೆ, ಪುದೀನ, ಸೀಳಿದ ಹಸಿಮೆಣಸಿನಕಾಯಿ, ಅದೇನೂ ಕಷ್ಟ ಆಗಲಿಲ್ಲ.

ಟೀಚರ್ ಬೆಳಗ್ಗೆ ಗದಗದಲ್ಲಿ ಬಸ್ ಹತ್ತಿ ಕೊಪ್ಪಳ, ಸಿಂಧನೂರು, ಮಾನ್ವಿ ಮೇಲೆ ಬಂದರು. ಬಿಸಿಲು ಹೊಡೆದು ಮುಖ ಕೆಂಪಾಗಿತ್ತು. ಪೂಜೆ ಇಲ್ಲೇ ಮಾಡುತ್ತೇನೆ ಅಂತ ಮೊದಲೇ ಹೇಳಿದ್ದರು. ಕೊಪ್ಪಳದ ತಂಗಿ ಹೇಳಿದ ಹಾಗೆ ಒಳಗಿನ ರೂಮಿನಲ್ಲಿ ಮಣೆ, ನೀರು, ಅಂಗಳದ ಮಲ್ಲಿಗೆ ಇಟ್ಟಿದ್ದೆ. ನನ್ನ ಮಗಳು ಬಾಗಿಲ ಹೊರಗೆ ಸದ್ದಿಲ್ಲದೆ ಕೂತಿದ್ದಳು. ಟೀಚರ್ ಹೊರಗೆ ಬಂದವರೇ ಅವಳ ತಲೆ ಸವರಿದರು.

ಪಾತ್ರೆ ಹೊಸದು, ಎಣ್ಣೆ ಹೊಸದು ಅಂತ ಹೇಳಲು ಬಾಯಿ ತೆಗೆದೆ. ಅವರು ಕೈ ಮೇಲೆತ್ತಿ ತಡೆದರು. "ನೀ ಮಾಡೀದಿ ಅಂದ ಮೇಲೆ ನಾ ಕೇಳಬೇಕೇನು?" ಅಂದರು.

ಮುಚ್ಚಳ ನಾನು ಅವರ ಎದುರಿಗೇ ತೆಗೆದೆ. ಹಬೆ ಏಳುವಾಗ ಅವರು ಕಣ್ಣು ಮುಚ್ಚಿದರು. ಮೊದಲ ತುತ್ತಿಗೆ ಅನ್ನ ಕಲಸಲಿಲ್ಲ. ಒಂದು ಸೋರೆಕಾಯಿ ಹೋಳು ಬೆರಳಲ್ಲಿ ಒತ್ತಿ, ಅದರೊಳಗಿನ ರಸ ನೋಡಿ, ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನನಗೆ ಎದೆ ಬಡಿತ. ಆಮೇಲೆ ಹೇಳಿದರು:

"ನಾ ಅನ್ಕೊಂಡಿದ್ದಕ್ಕಿಂತ ಹುಳಿ ಜಾಸ್ತಿ ಅದ ನೋಡು. ವಾಸನಿಯೊಳಗ ಹುಳಿ ಗೊತ್ತಾಗಂಗಿಲ್ಲ. ಇಷ್ಟು ವರ್ಷ ನಾ ಅದನ್ನ ಖಾರ ಅಂತ ತಿಳ್ಕೊಂಡಿದ್ದೆ."

ಮೂರು ಸಲ ಹಾಕಿಸಿಕೊಂಡರು. ಮೂರನೇ ಸಲ ನಾನು ಕೇಳಲಿಲ್ಲ, ಅವರೇ ತಟ್ಟೆ ಮುಂದೆ ಸರಿಸಿದರು. ಅದನ್ನು ನೋಡಿ ನಾನು ನೀರು ತರುವ ನೆಪ ಮಾಡಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಅಮ್ಮಿ ಇರಬೇಕಿತ್ತು.

ಹೊರಡುವಾಗ ಮಾಡುವ ರೀತಿ ಬರೆದುಕೊಡು ಅಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಅಳತೆ ಸಮೇತ ಬರೆದೆ. ಓದಿ, ಚೀಲದಿಂದ ಪೆನ್ ತೆಗೆದು "ಹುಣಿಸೆ" ಅಂತಿದ್ದಿದ್ದನ್ನು "ಹುಣಸೆ" ಅಂತ ತಿದ್ದಿ, ಮಡಚಿ ಇಟ್ಟುಕೊಂಡರು.

ಆ ತಪೇಲಿ, ಸೌಟು ತೊಳೆದು ಮೇಲಿನ ಶೆಲ್ಫ್‌ನಲ್ಲಿ ಬೇರೆ ಇಟ್ಟಿದ್ದೇನೆ. ಅದರಲ್ಲಿ ಮಾಂಸ ಮಾಡಲ್ಲ. ದಸರಾ ರಜೆಗೆ ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ಆ ಮಗು ಖಾರ ಒಂದು ಚೂರೂ ತಿನ್ನಲ್ವಂತೆ, ಸೋರೆಕಾಯಿ ಕಂಡರೆ ಓಡುತ್ತಂತೆ. ಸಿಂಧನೂರು ಅಣ್ಣ, ಅದಕ್ಕೆ ಏನಾದರೂ ದಾರಿ ಇದ್ದರೆ ಈಗಲೇ ಹೇಳಿ, ಒಂದೆರಡು ಸಲ ಮಾಡಿ ನೋಡಿಕೊಳ್ಳುತ್ತೇನೆ.